ಕನ್ನಡಿಯೊಳಗಿನ ಬಾವಿ

ಗದಗಿನ ಬಳಿಯ ಲಕ್ಕುಂಡಿಯ ಮುಸುಕಿನ ಬಾವಿಗೆ ಬಂದವರು ಗೋಡೆಯ ಗೂಡುಗಳನ್ನು ನೋಡುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನನ್ನ ಕಣ್ಣು ಮಾತ್ರ ಮೆಟ್ಟಿಲುಗಳ ಮೇಲೆ. ನೀರು ಕೆಲವು ದಿನ ನಿಂತು ಇಳಿದ ಕಡೆ ಕಲ್ಲಿನ ಮೇಲೆ ಪಾಚಿ ಒಣಗಿದ ಕಪ್ಪು ಗೆರೆ ಉಳಿದಿರುತ್ತದೆ. ಅದರ ಕೆಳಗೊಂದು, ಇನ್ನೂ ಕೆಳಗೆ ಮತ್ತೊಂದು. ದಸರೆಗೆ ಎಷ್ಟನೆಯ ಮೆಟ್ಟಿಲಿನಲ್ಲಿ ಕೊಡ ಮುಳುಗುತ್ತಿತ್ತು, ಯುಗಾದಿಗೆ ಇನ್ನೆಷ್ಟು ಇಳಿಯಬೇಕಾಯಿತು ಎಂಬುದು ನೀರಿಗೆ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಕಾಲಿನ ಲೆಕ್ಕದಲ್ಲೇ ಗೊತ್ತಿದ್ದಿರಬೇಕು. ಇವತ್ತು ಅಂತರ್ಜಲ ತಜ್ಞರು ಬಾವಿಗೆ ಟೇಪು ಇಳಿಬಿಟ್ಟು ಬರೆದುಕೊಳ್ಳುವುದೂ ಇದನ್ನೇ: ಯಾವ ಹೊತ್ತಿಗೆ ನೀರು ಎಷ್ಟು ಇಳಿಯಿತು.

ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎನ್ನುವ ಮಾತಿದೆ. ಲೆಕ್ಕ ಹೆಚ್ಚುಕಡಿಮೆ ಇರಲಿ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಊರಿದು, ಗುಡಿಗಳ ಮಾತು ಅರ್ಥವಾಗುತ್ತದೆ. ಒಂದೇ ಊರಿಗೆ ಅಷ್ಟೊಂದು ಬಾವಿ ಏಕೆ? ದಾನ, ಧರ್ಮ, ಪುಣ್ಯ ಎಲ್ಲ ಸರಿ. ನನಗನ್ನಿಸುವ ಕಾರಣ ಇನ್ನೊಂದಿದೆ. ಈ ನೆಲದಲ್ಲಿ ಒಂದು ದೊಡ್ಡ ಬಾವಿ ತೋಡಿ ಊರಿಗೆಲ್ಲ ನೀರು ಕೊಡುತ್ತೇನೆಂದರೆ ಆಗುವುದಿಲ್ಲ. ಇಲ್ಲಿ ನೆಲದಡಿಯ ನೀರು ಸಮುದ್ರದಂತೆ ಒಂದಾಗಿಲ್ಲ. ಹಳೆಯ ವಾಡೆಯೊಳಗಿನ ಕೋಣೆಗಳಂತೆ ಹಂಚಿಹೋಗಿದೆ. ಕೋಣೆಗೊಂದು ಬಾವಿ ಬೇಕು.

ಗೋಡೆಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಕಪ್ಪತಗುಡ್ಡದ ಕಡೆ ಕೈ ತೋರಿಸಬೇಕು. ಗದಗಿನ ಬಳಿಯಿಂದ ಮುಂಡರಗಿ, ಶಿರಹಟ್ಟಿ ಸೀಮೆಗಳನ್ನು ಹಾಯ್ದು ಆಗ್ನೇಯಕ್ಕೆ ಚಾಚಿದ ಈ ಗುಡ್ಡದ ಸಾಲು ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಗಳದು. ಒಂದು ಕಡೆ ಕಪ್ಪು ಎರಿ ಹೊಲ, ಇನ್ನೊಂದು ಕಡೆ ಕೆಂಪು ಮಸಾರಿ. ಎರಡರ ಕೆಳಗೂ ಮೊದಲು ಗರಸು, ಆಮೇಲೆ ಬಿರುಕು ಬಿಟ್ಟ ಬಂಡೆ, ಅದರಡಿ ಹನಿ ನೀರನ್ನೂ ಒಳಗೆ ಬಿಡದ ಗಟ್ಟಿ ಬಂಡೆ. ನೀರು ಇರುವುದು ಗರಸಿನಲ್ಲಿ, ಬಿರುಕಿನಲ್ಲಿ. ಈ ಪದರಗಳನ್ನು ಅಲ್ಲಲ್ಲಿ ಸೀಳಿಕೊಂಡು ಕರಿಕಲ್ಲಿನ ಒಡ್ಡುಗಳು, ಬೆಣಚುಕಲ್ಲಿನ ಸಾಲುಗಳು ನಿಂತಿವೆ. ಭೂವಿಜ್ಞಾನಿಗಳು ಕರಿಕಲ್ಲಿನ ಒಡ್ಡನ್ನು ಡೈಕ್ ಎನ್ನುತ್ತಾರೆ. ನೆಲದ ಮೇಲೆ ಅದು ದುಂಡು ಗುಂಡುಗಳ ಒಂದು ಸಾಲಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಕೆಳಗೆ ಮಾತ್ರ ಗೋಡೆ.

ಮೇಲೆ ಆಳಿದವರು ಹಾಕಿಕೊಂಡ ಗಡಿಗಳೇ ಬೇರೆ. ಬ್ರಿಟಿಷರ ಕಾಲಕ್ಕೆ ಗದಗು, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಒಂದು ದಿನದ ಚಕ್ಕಡಿ ದಾರಿಯಲ್ಲಿ ಮೂರು ಆಡಳಿತ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಹೇಳುವಾಗ ಹೆಸರಿಸುವ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕೆರೆಯನ್ನು ಹೆಸರಿನಲ್ಲೇ ಹೊತ್ತ ಊರು. ಗದಗಿನಲ್ಲಂತೂ ಕುಮಾರವ್ಯಾಸ ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದನೆಂಬ ಐತಿಹ್ಯ ಉಂಟು. ಇಲ್ಲಿಯ ಬಿಸಿಲಿಗೆ ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈ ಗೋಡೆಗಳ ಹಳೆಯ ನಕ್ಷೆ ನೀರಿಗಾಗಿ ಆದದ್ದಲ್ಲ, ಬಂಗಾರಕ್ಕಾಗಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ, ಚಿನ್ನದ ಶಿಲೆಗಳ ಮೇಲೆ ಬರೆದ ವರದಿ 1874ರಲ್ಲಿ ಅಚ್ಚಾಯಿತು. ಸೊರಟೂರಿನ ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಾಲಗಾರರ ಕೆಲಸವನ್ನು ಫೂಟ್ ಕಣ್ಣಾರೆ ನೋಡಿದ್ದರು. ಅವರು ಹುಡುಕಿದ್ದು ಬೆಣಚುಕಲ್ಲಿನ ಸಾಲುಗಳನ್ನು. ಚಿನ್ನ ಇರುವುದು ಅವುಗಳಲ್ಲಿ. ಯಾವ ಶಿಲೆ ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ಅವರು ಗುರುತಿಸುತ್ತ ಹೋದರು. ಮುಂದೆ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು; ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಅದೇ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಗಣಿ ತೋಡಿದವು, ಕೆಲವೇ ವರ್ಷಗಳಲ್ಲಿ ಮುಚ್ಚಿಕೊಂಡು ಹೋದವು. ಬಂಗಾರ ಕೈಗೆ ಹತ್ತಲಿಲ್ಲ. ಶಿಲೆಗಳ ಗಡಿ ಗುರುತಿಸಿದ ಆ ಕೆಲಸ ಮಾತ್ರ ನೀರು ಹುಡುಕುವವರ ಪಾಲಿಗೆ ಉಳಿಯಿತು.

ಫೂಟ್ ವರದಿ ಬಂದು ಎರಡು ವರ್ಷಕ್ಕೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1876ರಿಂದ 1878. ಧಾರವಾಡ ಜಿಲ್ಲೆ ಬೆಂದುಹೋಯಿತು. ಬರದ ಬೆನ್ನಿಗೆ ಸದರ್ನ್ ಮರಾಠಾ ರೇಲ್ವೆ ಬಂತು, 1883ರ ಭೂಸುಧಾರಣೆ ಸಾಲದ ಕಾಯ್ದೆ ಬಂತು, ಬಾವಿ ತೋಡಲು ತಗಾವಿ ಸಾಲ ಸಿಗುತ್ತಿತ್ತು. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತುವ ಬಾವಿಗಳ ಕಾಲ ಅದು. ಎತ್ತು ದಣಿಯುತ್ತಿದ್ದವು, ಬಾವಿಗೂ ಬಿಡುವು ಸಿಗುತ್ತಿತ್ತು. ರಾತ್ರಿಯಿಡೀ ಒರತೆ ಬಂದು ಬೆಳಗಿನ ಹೊತ್ತಿಗೆ ನೀರು ಮತ್ತೆ ಮೇಲೇರುತ್ತಿತ್ತು. ಬಾವಿ ತೋಡುವವರಿಗೆ ಗೋಡೆಯ ಪರಿಚಯ ಕೈಯಿಂದಲೇ ಆಗಿತ್ತು. ಹಾರೆಗೆ ಕರಿಕಲ್ಲು ತಾಗಿದರೆ ಆ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ಅಡ್ಡ ಕೊರೆದು ಸೆಲೆ ಹುಡುಕುತ್ತಿದ್ದರು. ಒಡ್ಡುಕಲ್ಲಿನ ಮೇಲುಬದಿಗೆ ನೀರು ನಿಲ್ಲುತ್ತದೆ, ಕೆಳಬದಿಗೆ ಹುಡುಕಿ ಫಲವಿಲ್ಲ ಎಂಬ ತಿಳಿವಳಿಕೆಗೆ ಯಾವ ಸೂತ್ರವೂ ಬೇಕಿರಲಿಲ್ಲ.

ಸೂತ್ರ ಹುಟ್ಟಿದ್ದು ಬೇರೆಲ್ಲೋ. ಫ್ರಾನ್ಸಿನ ದಿಜೋಂ ಊರಿಗೆ ನೀರು ತಂದ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನೊಳಗೆ ನೀರು ಹರಿಯುವ ನಿಯಮ ಕಂಡುಕೊಂಡರು. ಪಂಪು ಓಡಿಸಿ, ಸುತ್ತಲಿನ ಬಾವಿಗಳಲ್ಲಿ ನೀರು ಇಳಿದದ್ದನ್ನು ಅಳೆದು, ನೆಲ ಎಷ್ಟು ನೀರು ಬಿಟ್ಟುಕೊಡುತ್ತದೆಂದು ಲೆಕ್ಕ ಹಾಕುವ ಕ್ರಮವನ್ನು ಜರ್ಮನಿಯ ಗುಂಟರ್ ಥೀಮ್ 1906ರಲ್ಲಿ ಗಟ್ಟಿಗೊಳಿಸಿದರು. ಆ ಲೆಕ್ಕದಲ್ಲಿ ಹೊತ್ತಿಗೆ ಜಾಗವಿರಲಿಲ್ಲ. ನೀರು ಇಳಿಯುವುದು ನಿಂತ ಮೇಲಿನ ಸ್ಥಿತಿ ಅದು. ಹೊತ್ತನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಚಾರ್ಲ್ಸ್ ಥೈಸ್, 1935ರಲ್ಲಿ. ನೆಲದಡಿ ನೀರು ಇಳಿಯುವುದೂ ಲೋಹದ ಫಲಕದಲ್ಲಿ ಶಾಖ ಹರಡುವುದೂ ಒಂದೇ ಬಗೆ ಎಂದು ಥೈಸ್‌ಗೆ ಹೊಳೆದಿತ್ತು. ಗಣಿತ ಕೈಕೊಟ್ಟಾಗ ಗೆಳೆಯ ಕ್ಲಾರೆನ್ಸ್ ಲೂಬಿನ್ ನೆರವಾದರು.

ನಮ್ಮ ರೊಟ್ಟಿ ಹಂಚನ್ನೇ ತೆಗೆದುಕೊಳ್ಳಿ. ಹಂಚಿನ ನಡುವೆ ಒಂದು ಕೆಂಡ ಇಟ್ಟರೆ ಕಾವು ಸುತ್ತಲೂ ಹರಡುತ್ತದೆ. ಥೈಸ್ ಊಹಿಸಿಕೊಂಡ ಹಂಚಿಗೆ ಅಂಚೇ ಇಲ್ಲ, ಎಷ್ಟು ದೂರ ಹೋದರೂ ಹಂಚೇ. ಅಮೆರಿಕದ ಬಯಲಿಗೆ, ಗಂಗೆಯ ಮೆಕ್ಕಲು ಬಯಲಿಗೆ ಆ ಊಹೆ ಹೆಚ್ಚುಕಡಿಮೆ ಒಪ್ಪುತ್ತದೆ. ಗದಗಿನ ಹಂಚಿಗೆ ಅಂಚಿದೆ, ಅದೂ ಹತ್ತಿರದಲ್ಲೇ.

ಅಂಚು ಇದ್ದರೆ ಲೆಕ್ಕ ಹೇಗೆ? ಇಲ್ಲಿ ಕನ್ನಡಿ ಬರುತ್ತದೆ. ವಿದ್ಯುತ್ತಿನ ಲೆಕ್ಕಕ್ಕಾಗಿ ಲಾರ್ಡ್ ಕೆಲ್ವಿನ್ 1840ರ ದಶಕದಲ್ಲೇ ಒಂದು ಉಪಾಯ ಹೂಡಿದ್ದರು. ಅದನ್ನು ಬಾವಿಗೆ ತಂದು, ಅಡ್ಡ ಬಂದ ಗೋಡೆ ಎಷ್ಟು ದೂರದಲ್ಲಿದೆ ಎಂದು ಕಂಡುಹಿಡಿಯುವ ದಾರಿಯನ್ನು ಜಾನ್ ಫೆರಿಸ್ 1948ರಲ್ಲಿ ಬರೆದಿಟ್ಟರು. ಗೋಡೆಯನ್ನು ಕನ್ನಡಿ ಎಂದುಕೊಳ್ಳಿ. ನಿಮ್ಮ ಬಾವಿ ಗೋಡೆಯಿಂದ ಈಚೆಗೆ ಎಷ್ಟು ದೂರವೋ ಆಚೆಗೆ ಅಷ್ಟೇ ದೂರದಲ್ಲಿ ಅದರ ಬಿಂಬವಾಗಿ ಇನ್ನೊಂದು ಬಾವಿ ಇದೆ. ನೀವು ಪಂಪು ಹಾಕಿದಾಗ ಅದೂ ಪಂಪು ಹಾಕುತ್ತದೆ, ನೀವೆತ್ತಿದಷ್ಟೇ ನೀರೆತ್ತುತ್ತದೆ. ಈಗ ಗೋಡೆಯನ್ನು ಮರೆತುಬಿಡಿ. ಅಂಚಿಲ್ಲದ ಹಂಚಿನಲ್ಲಿ ಎರಡು ಬಾವಿ ಇವೆ ಎಂದು ಲೆಕ್ಕ ಹಾಕಿ. ಉತ್ತರ ಸರಿಯಾಗಿ ಬರುತ್ತದೆ. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ ಎಂಬ ಮಾತು ನಮ್ಮಲ್ಲಿದೆಯಲ್ಲ. ಕನ್ನಡಿಯೊಳಗಿನ ಬಾವಿ ಮಾತ್ರ ನಿಮ್ಮ ಬಾವಿಯ ನೀರನ್ನು ನಿಜವಾಗಿಯೇ ಎಳೆಯುತ್ತದೆ.

ಭಾರತಕ್ಕೆ ಈ ವಿದ್ಯೆ ಬಂದದ್ದು ಕೊಳವೆಬಾವಿಗಳ ಜೊತೆ. ಪರಿಶೋಧನಾ ಕೊಳವೆಬಾವಿಗಳ ಸಂಸ್ಥೆ 1954ರಲ್ಲಿ ಆರಂಭವಾಗಿ, 1970ರಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿ ಎಂಬ ಹೆಸರು ಪಡೆಯಿತು. 1972ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ವಿಭಾಗವೂ ಬಂದು ಸೇರಿತು. ಗಟ್ಟಿ ಶಿಲೆಯ ನಾಡಿನಲ್ಲಿ ಒಂದು ತೊಡಕಿತ್ತು. ಥೈಸ್ ಸೂತ್ರ ಸೂಜಿಯಂಥ ಸಣ್ಣ ಬಾವಿಗೆ ಬರೆದದ್ದು. ನಮ್ಮ ತೋಡುಬಾವಿಗಳೋ ಎತ್ತಿನ ಜೋಡಿ ಇಳಿಯುವಷ್ಟು ಅಗಲ; ಪಂಪು ಮೊದಲು ಎತ್ತುವುದು ಬಾವಿಯಲ್ಲೇ ನಿಂತ ನೀರನ್ನು, ನೆಲದ ಸರದಿ ಆಮೇಲೆ. ಪಾಪಡೋಪುಲೋಸ್ ಮತ್ತು ಕೂಪರ್ 1967ರಲ್ಲಿ ಅಗಲ ಬಾವಿಗೆಂದೇ ಲೆಕ್ಕ ಕೊಟ್ಟ ಮೇಲೆ ಈ ತೊಡಕು ಬಗೆಹರಿಯಿತು. ಮಂಡಳಿಯಲ್ಲಿ ದುಡಿದ ಕೆ.ಆರ್. ಕಾರಂತರು 1987ರಲ್ಲಿ ಹೊರತಂದ ಅಂತರ್ಜಲದ ದೊಡ್ಡ ಪುಸ್ತಕ ದೇಶದ ಭೂವಿಜ್ಞಾನ ವಿದ್ಯಾರ್ಥಿಗಳ ಮೇಜಿನ ಮೇಲೆ ಇವತ್ತೂ ಇದೆ.

ಅಷ್ಟರಲ್ಲಿ ರಿಗ್ಗುಗಳು ಬಂದಿದ್ದವು. 1967ರ ಬರದ ಹೊತ್ತಿಗೆ ಯುನಿಸೆಫ್ ದೇಶಕ್ಕೆ ತಂದ, ಗಾಳಿಯ ಒತ್ತಡದಿಂದ ಬಂಡೆ ಕುಟ್ಟುವ ಯಂತ್ರಗಳು ತಿಂಗಳುಗಟ್ಟಲೆ ತೋಡುವ ಕೆಲಸವನ್ನು ಒಂದೆರಡು ದಿನಕ್ಕೆ ಇಳಿಸಿದವು. ಎಪ್ಪತ್ತರ ದಶಕದ ಕೊನೆಗೆ ಇಂಡಿಯಾ ಮಾರ್ಕ್-2 ಕೈಪಂಪು ಊರೂರಿಗೆ ಬಂತು. ಅದು ಗಂಟೆಗೆ ಎತ್ತುವುದು ಸಾವಿರ ಲೀಟರಿಗೂ ಕಡಿಮೆ, ಅದೂ ಸರದಿಯಲ್ಲಿ ಜಗಳಾಡುತ್ತ, ನಡುನಡುವೆ ನಿಲ್ಲುತ್ತ. ಗೋಡೆ ಇದ್ದರೂ ಅದರ ಬಿಸಿ ತಟ್ಟುತ್ತಿರಲಿಲ್ಲ. ಬಿಸಿ ತಟ್ಟಿದ್ದು ಹೊಲಗಳಿಗೆ ಸಬ್‌ಮರ್ಸಿಬಲ್ ಪಂಪು ಇಳಿದ ಮೇಲೆ.

ಬೋರು ಕೊರೆಯುವಾಗ ಈ ಭಾಗದ ಹೊಲದಲ್ಲಿ ನಿಂತವರಿಗೆ ಆ ಸಡಗರ ಗೊತ್ತು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಪಾಯಿಂಟ್ ನೋಡಿದವರು ಒಂದು ಕಡೆ, ಸಾಲ ಕೊಟ್ಟವರು ಇನ್ನೊಂದು ಕಡೆ. ಬಿಳಿ ಧೂಳು ಕೆಸರಾಗಿ, ಕೆಸರು ನೀರಾಗಿ ಚಿಮ್ಮಿದೊಡನೆ ಕುಂಕುಮ, ಊದಿನಕಡ್ಡಿ. ‘ಎರಡೂವರಿ ಇಂಚ್ ನೀರ ಬಿದ್ದಾವ್ರೀ!’ ಹೊರಬಂದ ನೀರನ್ನು ತಡೆದು, ಇಂಗ್ಲಿಷಿನ ‘ವಿ’ ಅಕ್ಷರದಂತೆ ಕತ್ತರಿಸಿದ ತಗಡಿನ ಮೇಲೆ ಹಾಯಿಸಿ, ಎಷ್ಟು ಇಂಚು ಎತ್ತರ ಹರಿಯಿತು ಎಂದು ನೋಡುವುದೇ ಈ ಇಂಚಿನ ಮೂಲ. ಇಂಚಿಗೂ ನೀರಿಗೂ ನೇರ ಲೆಕ್ಕವಿಲ್ಲ ಎಂಬುದು ಬಹಳ ಮಂದಿಗೆ ತಿಳಿಯದು. 90 ಡಿಗ್ರಿ ಕತ್ತರಿಸಿದ ತಗಡಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ ಸಾವಿರವಲ್ಲ, ಹತ್ತಿರಹತ್ತಿರ 2900. ಎರಡೂವರೆಗೆ 5000 ದಾಟುತ್ತದೆ. ಅರ್ಧ ಇಂಚು ಉಬ್ಬಿಸಿ ಹೇಳಿದರೆ ನೀರು ಎಷ್ಟು ಉಬ್ಬುತ್ತದೆ ನೋಡಿ.

ನಿಜವಾದ ಮೋಸ ಇಂಚಿನಲ್ಲಿಲ್ಲ, ಹೊತ್ತಿನಲ್ಲಿದೆ. ಆ ಅಳತೆ ನಡೆಯುವುದು ಅರ್ಧ ಗಂಟೆ.

ಒಂದು ಲೆಕ್ಕ ಹಾಕಿ ನೋಡೋಣ. ಮಸಾರಿ ಹೊಲದಲ್ಲೊಂದು ಬೋರು, 20 ಮೀಟರ್ ದೂರದಲ್ಲಿ ನೀರಿನ ಮಟ್ಟ ನೋಡಲು ಇನ್ನೊಂದು. ಗಂಟೆಗೆ 5000 ಲೀಟರ್ ಎತ್ತುವ ಪಂಪು. ಕರೆಂಟನ್ನು ನಂಬುವಂತಿಲ್ಲ, ತ್ರೀ ಫೇಸ್ ಯಾವಾಗ ಹೋಗುವುದೋ. ಡೀಸೆಲ್ ಜನರೇಟರ್ ತರಿಸಬೇಕು. ಪಂಪು ಚಾಲೂ ಆದ ಕ್ಷಣದಿಂದ ಒಬ್ಬರು ಗಡಿಯಾರ ನೋಡಿ ಕೂಗುತ್ತಾರೆ, ಇನ್ನೊಬ್ಬರು ನೋಡುಬಾವಿಗೆ ವೈರು ಇಳಿಬಿಡುತ್ತಾರೆ. ತುದಿಗೆ ನೀರು ತಾಗಿದೊಡನೆ ಬಜರ್ ಕುಯ್ಯೆನ್ನುತ್ತದೆ. ಉಪಕರಣವಿಲ್ಲದ ಕಾಲಕ್ಕೆ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು, ಒದ್ದೆಯಾದ ಗುರುತು ಓದುತ್ತಿದ್ದರು. ಮೊದಮೊದಲು ನಿಮಿಷಕ್ಕೊಮ್ಮೆ, ಆಮೇಲೆ ಐದು ನಿಮಿಷಕ್ಕೆ, ಅರ್ಧ ಗಂಟೆಗೆ, ರಾತ್ರಿ ಗಂಟೆಗೊಮ್ಮೆ. ಹೊತ್ತನ್ನು ಹತ್ತರ ಪಟ್ಟಿನಲ್ಲಿ ಗುರುತಿಸಿದ ಹಾಳೆಯ ಮೇಲೆ ಈ ಅಂಕಿಗಳನ್ನು ಚುಕ್ಕಿ ಇಡುತ್ತ ಹೋದರೆ ಗೆರೆ ನೆಟ್ಟಗೆ ಇಳಿಯುತ್ತದೆ. 1946ರಲ್ಲಿ ಕೂಪರ್ ಮತ್ತು ಜೇಕಬ್ ತೋರಿಸಿದ ಸುಲಭ ದಾರಿ ಇದು.

ಹತ್ತನೆಯ ನಿಮಿಷಕ್ಕೆ ನೋಡುಬಾವಿಯಲ್ಲಿ ನೀರು 60 ಸೆಂಟಿಮೀಟರ್ ಇಳಿದಿದೆ ಎನ್ನಿ. ಹೊತ್ತು ಹತ್ತು ಪಟ್ಟಾದಾಗಲೆಲ್ಲ ಇನ್ನೂ 55 ಸೆಂಟಿಮೀಟರ್ ಇಳಿಯಬೇಕು. ಅಂದರೆ ನೂರನೆಯ ನಿಮಿಷಕ್ಕೆ ಸುಮಾರು 1.15 ಮೀಟರ್, ಸಾವಿರನೆಯ ನಿಮಿಷಕ್ಕೆ 1.7. ಮೊದಲ ಅರ್ಧ ಗಂಟೆ ಎಲ್ಲ ಹೇಳಿದ ಹಾಗೇ. ಒಂದು ಗಂಟೆ ಸಮೀಪಿಸುತ್ತಿದ್ದಂತೆ ಗೆರೆ ಕೆಳಗೆ ಬಾಗತೊಡಗುತ್ತದೆ. ಸಾವಿರನೆಯ ನಿಮಿಷಕ್ಕೆ, ಅಂದರೆ ಹದಿನೇಳು ಗಂಟೆ ಸಮೀಪಿಸಿದಾಗ, ವೈರು ತೋರಿಸುವುದು 1.7 ಅಲ್ಲ, 2.3. ಹೆಚ್ಚುವರಿ 60 ಸೆಂಟಿಮೀಟರ್ ಇಳಿಸಿದ್ದು ಯಾರು? ಕನ್ನಡಿಯೊಳಗಿನ ಬಾವಿ. ನಿಮ್ಮ ಬಾವಿ ಹತ್ತು ನಿಮಿಷದಲ್ಲಿ ಮಾಡಿದ ಕೆಲಸಕ್ಕೆ ಅದು ಸಾವಿರ ನಿಮಿಷ ತೆಗೆದುಕೊಂಡಿತು. ಹೊತ್ತು ನೂರು ಪಟ್ಟು, ಹಾಗಾಗಿ ನೋಡುಬಾವಿಯಿಂದ ದೂರ ಅದರ ವರ್ಗಮೂಲ, 20 ಮೀಟರಿನ ಹತ್ತು ಪಟ್ಟು: 200 ಮೀಟರ್. ಕನ್ನಡಿ ಬಾವಿಗೂ ನಿಮ್ಮ ಬಾವಿಗೂ ನಟ್ಟನಡುವೆ ಗೋಡೆ. ನೋಡುಬಾವಿ ಯಾವ ದಿಕ್ಕಿಗೇ ಇರಲಿ, ಗೋಡೆ ನಿಮ್ಮ ಬಾವಿಯಿಂದ 90ರಿಂದ 110 ಮೀಟರ್ ಒಳಗೆ ನಿಂತಿರಬೇಕು. ಮೂರು ನೋಡುಬಾವಿ ಇದ್ದರೆ ದಿಕ್ಕನ್ನೂ ಹೇಳಬಹುದು. ನೆಲ ಅಗೆಯದೆ, ಒಂದು ಗಡಿಯಾರ, ಒಂದು ವೈರು ಹಿಡಿದು ಕಾಣದ ಗೋಡೆ ಮುಟ್ಟಿ ಬರುವ ಈ ವಿದ್ಯೆ ನನಗೆ ಇವತ್ತಿಗೂ ಬೆರಗು.

ಇನ್ನೊಂದು ಮಾತು. ಗೋಡೆಯ ಸುದ್ದಿ ಬಾವಿಗೆ ಯಾವಾಗ ಮುಟ್ಟುತ್ತದೆ ಎಂಬುದು ಪಂಪಿನ ಗಾತ್ರದ ಮೇಲೆ ಇಲ್ಲ. ದೂರದ ಮೇಲೆ, ಶಿಲೆಯ ಗುಣದ ಮೇಲೆ ಇದೆ. ಹಾಗಾಗಿ ರಿಗ್ಗಿನ ಕಂಪ್ರೆಸರ್ ಎಷ್ಟೇ ಅಬ್ಬರಿಸಿದರೂ ಅರ್ಧ ಗಂಟೆಯಲ್ಲಿ ಆ ಗೋಡೆ ಗೊತ್ತಾಗುವುದಿಲ್ಲ. ಎರಡೂವರೆ ಇಂಚಿನ ಮಾತು ಸುಳ್ಳಲ್ಲ, ಗೋಡೆ ಮುಟ್ಟುವ ಮುಂಚಿನ ಸತ್ಯ.

ಗೋಡೆ ಒಂದೇ ಇದ್ದರೆ ನೀರು ಇಳಿಯುವ ವೇಗ ಕೊನೆಗೆ ಎರಡು ಪಟ್ಟು. ಎರಡು ಗೋಡೆ ಲಂಬಕೋನದಲ್ಲಿ ಮೂಲೆಗೂಡಿದರೆ ನಾಲ್ಕು ಪಟ್ಟು. ಕಪ್ಪತಗುಡ್ಡದ ಪದರುಗಲ್ಲಿನಲ್ಲಿ ನಡೆಯಬಹುದಾದಂತೆ ಎರಡು ಗೋಡೆ ಒಂದಕ್ಕೊಂದು ಸಮನಾಗಿ ಓಡಿದರೆ ಕನ್ನಡಿಗೆ ಕನ್ನಡಿ ಎದುರಿಟ್ಟಂತೆ, ಕ್ಷೌರದಂಗಡಿಯಲ್ಲಿ ಕೂತಾಗ ಕಾಣುತ್ತದಲ್ಲ, ಬಾವಿಯ ಹಿಂದೆ ಬಾವಿ, ಅದರ ಹಿಂದೆ ಬಾವಿ, ಕೊನೆಯೇ ಇಲ್ಲ. ನಾಲ್ಕೂ ಕಡೆ ಗೋಡೆಯಾದರೆ ಅದು ಬಾವಿಯಲ್ಲ, ಟಾಕಿ. ಪಂಪು ನಿಲ್ಲಿಸಿದ ಮೇಲೆ ನೀರು ಹಳೆಯ ಮಟ್ಟಕ್ಕೆ ಮರಳುವುದೇ ಇಲ್ಲ; ಮಳೆ ತುಂಬಿಸಬೇಕು. ಇಲ್ಲಿಯ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಜುಬಾಜು.

ಗೆರೆ ಬಾಗಿದ ಮಾತ್ರಕ್ಕೆ ಗೋಡೆ ಎಂದು ತೀರ್ಮಾನಿಸುವುದೂ ತಪ್ಪೇ. ಮೇಲಿನ ಬಿರುಕು ಬರಿದಾದರೂ ಗೆರೆ ಹಾಗೆಯೇ ಬಾಗುತ್ತದೆ. ಪಂಪಿನ ವೇಗ ಏರುಪೇರಾದರೂ ಬಾಗುತ್ತದೆ. ಡೈಕೇ ಒಡೆದು ಬಿರುಕು ಬಿಟ್ಟಿದ್ದರೆ ಗೋಡೆಯ ಬದಲು ಕಾಲುವೆಯಾಗಿ ನೀರು ತಂದುಕೊಡುವುದೂ ಉಂಟು. ಅದಕ್ಕೇ ಹಾಳೆಯ ಜೊತೆ ಹೊಲವನ್ನೂ ಸುತ್ತಿ ನೋಡಬೇಕು.

ಮುಂಡರಗಿ ತಾಲೂಕಿನ ದಕ್ಷಿಣದ ಅಂಚಿಗೆ ಇದರ ಉಲ್ಟಾ ಕಥೆ. ಅಲ್ಲಿ ತುಂಗಭದ್ರೆ ಇದ್ದಾಳೆ. ಹೊಳೆದಂಡೆಯ ಬಾವಿಯಲ್ಲಿ ಪಂಪು ಓಡಿಸಿದರೆ ಕೆಲ ಹೊತ್ತಿನ ಮೇಲೆ ನೀರು ಇಳಿಯುವುದು ನಿಂತೇಹೋಗುತ್ತದೆ. ಹಾಳೆಯ ಮೇಲಿನ ಗೆರೆ ಅಡ್ಡ ಮಲಗುತ್ತದೆ. ಹೊಳೆಯೂ ಕನ್ನಡಿಯೇ, ಆದರೆ ಅದರೊಳಗಿನ ಬಾವಿ ನೀರು ಎಳೆಯುವುದಿಲ್ಲ, ಸುರಿಯುತ್ತದೆ. ಒಂದೇ ತಾಲೂಕಿನಲ್ಲಿ ಕೊಡುವ ಗಡಿ ಒಂದು, ಕಸಿಯುವ ಗಡಿ ಇನ್ನೊಂದು. ಕೊನೆಗೆ ಗದಗ-ಬೆಟಗೇರಿ ಅವಳಿ ನಗರವೂ ಹಳ್ಳಿಗಳೂ ಕುಡಿಯುವ ನೀರಿಗೆ ಆಶ್ರಯಿಸಿದ್ದು ಆ ಕೊಡುವ ಗಡಿಯನ್ನೇ. ಹಮ್ಮಿಗಿಯ ಬ್ಯಾರೇಜಿನ ಕಡೆಯಿಂದ ಪೈಪು ಬಂದಿತು. ಮುಂಡರಗಿ ಸೀಮೆಯ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ್ದೂ ಇದಕ್ಕೊಂದು ಕಾರಣ. ಕುಡಿಯುವ ನೀರೇನೋ ಹೊಳೆಯಿಂದ ಬಂತು. ಹೊಲಗಳ ಬಹುಪಾಲು ಇನ್ನೂ ಗೋಡೆಗಳ ನಡುವೆಯೇ ಇವೆ.

ಧಾರವಾಡದಿಂದ ಬೇರ್ಪಟ್ಟು 1997ರಲ್ಲಿ ಗದಗ ಜಿಲ್ಲೆಯಾಯಿತು, 2011ರಲ್ಲಿ ರಾಜ್ಯಕ್ಕೊಂದು ಅಂತರ್ಜಲ ಕಾಯ್ದೆ ಬಂತು, ಲಕ್ಷ್ಮೇಶ್ವರ ತಾಲೂಕಾಯಿತು. ಶಿರಹಟ್ಟಿ ಮಸಾರಿಯಲ್ಲಿ ಬೋರು ಕೊರೆಯುವ ಕ್ರಮ ಮಾತ್ರ ಬದಲಾಗಿಲ್ಲ: ಅರ್ಧ ಗಂಟೆ ಅಳತೆ, ಅದರ ಮೇಲೆ ಸಾಲ, ಪಂಪು, ಪೈಪು, ಉಳ್ಳಾಗಡ್ಡಿ ಇಲ್ಲವೇ ಮೆಣಸಿನಕಾಯಿ. ಎರಡನೆಯ ಬೇಸಿಗೆಗೆ ‘ಬೋರ್ ಫೇಲಾತ್ರೀ’. ಪಕ್ಕದಲ್ಲೇ, ಅದೇ ಗೋಡೆಯೊಳಗೆ, ಇನ್ನೊಂದು ಬೋರು.

ಈ ಬೇಸಿಗೆಯಲ್ಲಿ ಬೋರು ಹಾಕಿಸುವವರಿದ್ದರೆ ಒಂದು ಕೆಲಸ ಮಾಡಿ. ಪಂಪಿನ ಎಚ್‌ಪಿ, ಪೈಪಿನ ಉದ್ದ ನಿರ್ಧರಿಸುವ ಮೊದಲು ಬಾಡಿಗೆಗೆ ಒಂದು ಪಂಪು, ಒಂದು ಜನರೇಟರ್ ತಂದು ಇಪ್ಪತ್ನಾಲ್ಕು ಗಂಟೆ ನಿಲ್ಲಿಸದೆ ಓಡಿಸಿ. ಮನೆಯಲ್ಲಿ ಓದುವ ಹುಡುಗ, ಹುಡುಗಿ ಇದ್ದರೆ ಅವರ ಕೈಗೆ ಗಡಿಯಾರ ಮತ್ತು ನೋಟುಪುಸ್ತಕ ಕೊಟ್ಟು ನೀರಿನ ಮಟ್ಟ ಬರೆಸಿ. ಪಂಪು ನಿಲ್ಲಿಸಿದ ಮೇಲೂ ನೀರು ಎಷ್ಟು ಮರಳಿತು ಎಂದು ಬರೆಸಿ. ಆ ಹಾಳೆಯನ್ನು ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಗೆ ತೋರಿಸಿ, ಉಳ್ಳಾಗಡ್ಡಿ ಎಷ್ಟು ಎಕರೆ ಎಂದು ಆಮೇಲೆ ನಿರ್ಧರಿಸಿ.